ಬಾವಿಗೆ ಕೊಟ್ಟ ಹೆಸರು

ಪದ್ಮವ್ವ ನೀರು ಗಾಳಿಸುತ್ತಿದ್ದಳು. ಕೊಡದ ಬಾಯಿಗೆ ಬಿಳಿ ಅರಿವೆಯನ್ನು ಎರಡು ಪದರು ಮಾಡಿ ಹೊದಿಸಿ, ನಡುವೆ ಬೆರಳಿನಿಂದ ಒತ್ತಿ ತಗ್ಗು ಮಾಡಿ, ತಂಬಿಗೆಯಿಂದ ನೀರು ಸುರಿಯುವಾಗ ಅವಳ ಕುತ್ತಿಗೆ ಒಂದು ಕಡೆ ವಾಲುತ್ತಿತ್ತು. ವಾಲಿದಾಗ ಕಿವಿಯ ಕೆಳಗಿನ ಗಂಟು ನೆಲ್ಲಿಕಾಯಿಯಷ್ಟು ಎದ್ದು ಕಾಣುತ್ತಿತ್ತು. ಸುಪ್ರೀತಾ ಅಡುಗೆಮನೆಯ ಬಾಗಿಲಲ್ಲಿ ನಿಂತು, ನೋಡಬಾರದು ಅಂದುಕೊಂಡೇ ನೋಡುತ್ತಿದ್ದಳು. ನೀರೆಲ್ಲ ಇಳಿದ ಮೇಲೆ ಅರಿವೆಯಲ್ಲಿ ಉಳಿದಿರಬಹುದಾದ, ಕಣ್ಣಿಗೆ ಕಾಣದ ಯಾವ್ಯಾವುದೋ ಜೀವಗಳನ್ನು ಸೋದರತ್ತೆ ಒಳ್ಳೆಯ ನೀರಿನಿಂದ ಮೆಲ್ಲಗೆ ತೊಳೆದು, ಹಿತ್ತಲ ತೊಟ್ಟಿಗೆ ತಿರುಗಿ ಬಿಟ್ಟು ಬಂದಳು. ದಿನಾ ಮಾಡುವ ಕೆಲಸ. ಗಂಟಿನ ರಿಪೋರ್ಟು ಜಮಖಂಡಿಯ ದವಾಖಾನೆಗೆ ಬಂದು ಕೂತಿರುವ ಈ ದಿನವೂ ಅವಳು ಅದನ್ನು ಅವಸರ ಮಾಡಲಿಲ್ಲ. ಅವಸರ ಮಾಡಿದ್ದರೆ ಚೆನ್ನಾಗಿತ್ತು ಎಂದು ಸುಪ್ರೀತಾಗೆ ಅನ್ನಿಸಿತು. ಕೈ ತುಸು ನಡುಗಿದ್ದರೆ, ಒಂದು ತಂಬಿಗೆ ನೀರು ನೆಲಕ್ಕೆ ಚೆಲ್ಲಿದ್ದರೆ, ತಾನು ಓಡಿ ಹೋಗಿ ಹಿಡಿಯಬಹುದಿತ್ತು.

"ಯಾಕ ಕಂಬದಂಗ ನಿಂತಿ? ಅವಲಕ್ಕಿ ಮಾಡೇನಿ, ತಿನ್ನು. ಬಸ್ಸ ತಪ್ಪತೈತಿ."

"ನೀ ತಿಂದಿ?"

"ನನ್ನದಾತು."

ಅವಳದು ಏನು ಆಯಿತು ಎಂಬುದು ಸುಪ್ರೀತಾಗೆ ಗೊತ್ತಿತ್ತು. ಒಂದು ಹಿಡಿ ಅನ್ನ, ಬೇಳೆ ಬೇಯಿಸಿದ ನೀರು, ಉಪ್ಪಿಲ್ಲ. ಈ ವಾರ ಕಂಡದ್ದು ಇದು. ಐತವಾರ ಆಟದಲ್ಲಿ ತಾನು ಬಾಯಿ ತೆರೆದು ಆ ಹೆಸರು ಹೇಳಿದ ಮೇಲೆ ಸೋಮವಾರ ಮುಂಜಾನೆ ಅತ್ತೆ ತಲೆ ಬಾಚಿಕೊಳ್ಳುತ್ತ, "ಇಲ್ಲೊಂದ ಗಂಟ ಆಗೇತಿ ನೋಡ," ಎಂದು, ಸೀರೆಗೆ ಹತ್ತಿದ ಕಲೆ ತೋರಿಸುವಷ್ಟೇ ಸಹಜವಾಗಿ ಕಿವಿಯ ಕೆಳಗೆ ಬೆರಳಿಟ್ಟು ತೋರಿಸಿದ್ದಳು. ಮರುದಿನ ಜಮಖಂಡಿಯಲ್ಲಿ ಡಾಕ್ಟರು ಸೂಜಿ ಚುಚ್ಚಿ ಏನನ್ನೋ ತೆಗೆದು ಪರೀಕ್ಷೆಗೆ ಕಳಿಸಿದರು. ಅಷ್ಟರಲ್ಲಿ ತಾಟಿನಿಂದ ಉಪ್ಪು ಹೋಗಿತ್ತು. ಐತವಾರ, ಸೋಮವಾರ. ಹೆಸರು, ಗಂಟು. ಬನಹಟ್ಟಿಯ ಸಾಲಿಯಲ್ಲಿ ಮಕ್ಕಳಿಗೆ ಗಣಿತ ಹೇಳುವವಳು ತಾನು. ಒಂದರ ಹಿಂದೆ ಒಂದು ಬಂದದ್ದರಿಂದ ಒಂದು ಇನ್ನೊಂದಕ್ಕೆ ಕಾರಣ ಆಗುವುದಿಲ್ಲ ಎಂದು ತಾನೇ ಬೋರ್ಡಿನ ಮೇಲೆ ಬರೆದು ತೋರಿಸಬಲ್ಲಳು. ಅವಲಕ್ಕಿಯ ತಾಟನ್ನು ಮುಚ್ಚಿಟ್ಟಳು.

ಆಟ ಅಂದರೆ ಬರೀ ಆಟ. ಅದೇ ಸಾಲಿಯಲ್ಲಿ ಜೊತೆಗೆ ಕಲಿಸುವ ಬನಶಂಕರಿ ಕರೆದುಕೊಂಡು ಹೋಗಿದ್ದಳು. ಅವಳ ಅಣ್ಣ ನೀಲಕಂಠನ ಮಗ್ಗದ ಶೆಡ್ಡಿಗೆ ಐತವಾರ ಸೂಟಿ. ಮಧ್ಯಾಹ್ನ ಆ ಮೂಕಾಗಿ ನಿಂತ ಪಾವರ್‌ಲೂಮುಗಳ ನಡುವೆ ಮೇಜು ಹಾಕಿ ನಾಲ್ಕು ಮಂದಿ ಕೂಡುತ್ತಾರೆ: ಅಣ್ಣ ತಂಗಿ, ನೂಲಿನ ಅಂಗಡಿಯಲ್ಲಿ ಕೆಲಸ ಮಾಡುವ ಅಮಿತ, ಮತ್ತು ಇವಳು. ಬಾಯಿಮಾತಿನಲ್ಲೇ ಒಂದು ರಾಜ್ಯ ಕಟ್ಟುವುದು, ತಲೆಗೊಂದು ವೇಷ ಹಚ್ಚಿಕೊಳ್ಳುವುದು, ಇಪ್ಪತ್ತು ಮುಖದ ದಾಳ ಉರುಳಿಸಿ ಗೆದ್ದೆವೋ ಸತ್ತೆವೋ ತಿಳಿಯುವುದು. ಸೀರೆಯ ಅಂಚಿನ ಡಿಸೈನು ಬರೆಯುವ ಗ್ರಾಫ್ ಕಾಗದದ ಬೆನ್ನಿಗೆ ನೀಲಕಂಠ ಕೋಟೆ ಬರೆಯುತ್ತಾನೆ, ನೆಲಮಾಳಿಗೆ ಬರೆಯುತ್ತಾನೆ. ಖಾಲಿ ನೂಲಿನ ಕೋನುಗಳೇ ಗೋಪುರ. ಉಳಿದವರಿಗೆ ಒಂದೊಂದು ವೇಷವಾದರೆ ಆಟ ನಡೆಸುವ ಅವನಿಗೆ ಮಿಕ್ಕ ಲೋಕವೆಲ್ಲ: ಕಾವಲುಗಾರನೂ ಅವನೇ, ಕಳ್ಳನೂ, ದೇವರೂ. ಸುಪ್ರೀತಾ ಅಲ್ಲಿ ನಿಶೆ ಎಂಬ ಕಳ್ಳಿ. ಗೋಡೆ ಹತ್ತುತ್ತಾಳೆ, ಬೀಗ ಬಿಚ್ಚುತ್ತಾಳೆ, ಯಾರಿಗೂ ಹೇಳಿ ಹೋಗುವುದಿಲ್ಲ. ಆ ಎರಡು ತಾಸು ತೇರದಾಳದ ಮನೆಯಲ್ಲಿಯಂತೆ ಯಾರೂ ಅವಳ ಬೆನ್ನ ಹಿಂದೆ ನಿಂತು ಸೆರಗು ಸರಿ ಮಾಡುವುದಿಲ್ಲ.

ಹೋದ ಐತವಾರ ಮುಂಜಾನೆ ಚಿಮ್ಮಡದಿಂದ ಹುಡುಗನ ಕಡೆಯವರು ನೋಡಲು ಬಂದಿದ್ದರು. ಹುಡುಗ ವೃಷಭ, ಗೊಬ್ಬರದ ಅಂಗಡಿ. ಸುಪ್ರೀತಾ ಚಾದ ಟ್ರೇ ಇಟ್ಟು ಇನ್ನೂ ನೆಟ್ಟಗೆ ಆಗಿರಲಿಲ್ಲ, ಅತ್ತೆ ತಾನಾಗಿ, ಯಾರೂ ಕೇಳದೆ, "ನಮ್ಮ ಹುಡಿಗಿಗಿ ಕೂದಲಾ ಸ್ವಲ್ಪ ತೆಳ್ಳಗ ಅದಾವರಿ, ಮದಲ ಹೇಳತೇನಿ. ಉಳದದ್ದೆಲ್ಲಾ ಛಲೋ ಐತಿ," ಅಂದಳು. ಬಟ್ಟೆಯ ಥಾನಿನಲ್ಲಿ ತಪ್ಪಿದ ಎಳೆಯನ್ನು ತಾನೇ ತೋರಿಸಿ ಗಿರಾಕಿಯ ಭರವಸೆ ಗಳಿಸುವ ಅರಿವೆ ವ್ಯಾಪಾರಿಯ ಹಾಗೆ. ಬಂದ ಹೆಂಗಸರ ಕಣ್ಣುಗಳು ಒಟ್ಟಿಗೆ ಎದ್ದು ಅವಳ ಬೈತಲೆಯ ಮೇಲೆ ಕೂತವು. ತಲೆಯ ಚರ್ಮ ಬಿಸಿಯಾದದ್ದು ಬಸ್ಸಿನಲ್ಲಿ ಬನಹಟ್ಟಿ ಮುಟ್ಟುವವರೆಗೂ ಆರಲಿಲ್ಲ. ಅತ್ತೆ ಸುಳ್ಳು ಹೇಳಿರಲಿಲ್ಲ. ಅತ್ತೆ ಸುಳ್ಳು ಹೇಳುವುದಿಲ್ಲ.

ಮಧ್ಯಾಹ್ನ ಆಟದಲ್ಲಿ ನಿಶೆ 'ನೆರಳಿಲ್ಲದವರ' ಗುಂಪಿಗೆ ಸೇರಬೇಕಿತ್ತು. ಸಾವನ್ನು ಪೂಜಿಸುವ ಗುಪ್ತ ಮಂದಿ ಅವರು. ಸಾವಿಗೆ ಅವರು ಸಾವು ಅನ್ನುವುದಿಲ್ಲ, 'ದೊಡ್ಡಾಕಿ' ಅನ್ನುತ್ತಾರೆ. ಅಮಿತನ ಸೈನಿಕ ಅವರ ನೆಲಮಾಳಿಗೆಯಲ್ಲಿ ಸೆರೆಯಾಗಿದ್ದ. ದೀಕ್ಷೆ ತೆಗೆದುಕೊಂಡವರಿಗೆ ಮಾತ್ರ ಅಲ್ಲಿಯ ಬಾಗಿಲು ತೆರೆಯುತ್ತಿತ್ತು. ನೀಲಕಂಠ ಶೆಡ್ಡಿನ ಕಿಟಕಿಗಳನ್ನೆಲ್ಲ ಮುಚ್ಚಿ ಬಂದ. ನೂಲಿನ ಧೂಳು ತುಂಬಿದ ಆ ಮಬ್ಬಿನಲ್ಲಿ ಅವನ ದನಿ ಬೇರೆಯಾಯಿತು. ಮೊದಲು ಬಾಗಿಲಲ್ಲಿ ನಿನ್ನ ನೆರಳು ಬಿಡು ಅಂದ. ಅವಳು ಎದ್ದು ಹೋಗಿ ಬಾಗಿಲ ಸಂದಿಯಿಂದ ಬಿದ್ದ ಬಿಸಿಲ ಪಟ್ಟಿಯನ್ನು ದಾಟಿ ಬಂದಳು. ಖಾಲಿ ಬಟ್ಟಲು ಕುಡಿ, ನೀರಡಿಕೆ ಹೋಯಿತು ಅನ್ನು ಅಂದ. ಅವಳು ಸ್ಟೀಲಿನ ಖಾಲಿ ಲೋಟ ಎತ್ತಿ ಕುಡಿದಳು, ಹೋಯಿತು ಅಂದಳು, ಮತ್ತು ನಿಜಕ್ಕೂ ಗಂಟಲು ತಣ್ಣಗಾಯಿತು. ಆಮೇಲೆ ಗ್ರಾಫ್ ಕಾಗದದ ನಡುವೆ ಕಪ್ಪು ಮಸಿ ತುಂಬಿದ ಚೌಕವನ್ನು ಅವಳ ಮುಂದೆ ಸರಿಸಿದ. "ಇದು ಬಾವಿ. ಇದರಾಗ ಒಂದ ಜೀವಂತ ಹೆಸರ ಹಾಕಬೇಕು. ಇವತ್ತ ಮುಂಜಾನಿಂದ ಯಾರ ದನಿ ಕೇಳೀಯೋ ಅವರೊಳಗ ಒಬ್ಬರದು. ಬಗ್ಗಿ ಹೇಳು, ದೊಡ್ಡಾಕಿಗೆ ಕೇಳಸೂವಂಗ." ನಿಶೆಗೆ ಒಬ್ಬ ತಮ್ಮ ಇದ್ದ, ಕಳವು ಕಲಿಸಿದ ಗುರು ಇದ್ದ, ಎಲ್ಲ ಆಟದಲ್ಲೇ ಹುಟ್ಟಿದವರು. ಎಲ್ಲರೂ ಆ ಗುರುವಿನ ಹೆಸರಿಗೆ ಕಾದಿದ್ದರು. ಅವಳು ಬಗ್ಗಿದಳು. ಮಸಿಯ ವಾಸನೆ ಮೂಗಿಗೆ ಬಂತು. "ಪದ್ಮವ್ವ."

ಅಮಿತ ಮೇಜು ಬಡಿದು ನಕ್ಕ. "ಲೇ, ಖರೇನ ಅತ್ತೀನ ಕೊಟ್ಟಬಿಟ್ಟಳಲೇ! ಹಿಂಗೈತಿ ಅಂದ್ರ ನಮ್ಮ ಮಾಲಕನ್ನ ನಾ ಯಾವಾಗೋ ಕೊಡತಿದ್ದೆ." ಬನಶಂಕರಿ, "ಪಾಪ ಲೇ, ನನಗ ದಪಾಟಿ ರೊಟ್ಟಿ ಮಾಡಿ ಕೊಟ್ಟ ಕಳಸ್ತಾರ ಅವರು," ಅಂದಳು. ನೀಲಕಂಠ ಮಾತ್ರ ಆಟದ ದನಿ ಬಿಡದೆ, "ದಾಳ," ಅಂದ. ಹದಿನೆಂಟು ಬಿತ್ತು. "ಬಾವಿ ಒಪ್ಪಿಕೊಂತು," ಅಂದ.

ರಿಪೋರ್ಟಿಗೆ ಹೊರಟ ಬಸ್ಸು ತೇರದಾಳ ದಾಟಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತಿತ್ತು. ಕಿಟಕಿಯ ಬದಿಗೆ ಕೂತ ಪದ್ಮವ್ವ ಕೈಯಲ್ಲಿ ಜಪದ ಸರ ಹಿಡಿದಿದ್ದಳು, ತುಟಿ ಅಲ್ಲಾಡುತ್ತಿತ್ತೋ ಬಸ್ಸಿನ ಅಲುಗಾಟವೋ ತಿಳಿಯದು. ಸುಪ್ರೀತಾಳ ತೋಳಿಗೆ ಅವಳ ತೋಳು ತಾಗುತ್ತಿತ್ತು; ತೆಳ್ಳಗಿನ, ಬೆಚ್ಚಗಿನ, ಅವ್ವ ಸತ್ತ ಮೇಲೆ ಅವಳನ್ನು ಎತ್ತಿ ಬೆಳೆಸಿದ ತೋಳು. ಸುಪ್ರೀತಾ ಚಿಕ್ಕವಳಿದ್ದಾಗ ಒಂದು ಗೌರಿ ಹುಣ್ಣಿಮೆಗೆ ಓಣಿಯವರು ಸಕ್ಕರೆ ಗೊಂಬೆ ಕೊಟ್ಟಿದ್ದರು, ಕೆಂಪು ಗಿಳಿ. ಕೊಕ್ಕಿನ ಕಡೆಯಿಂದ ಬಾಯಿಗೆ ಇಟ್ಟು ಕಡಿದಿದ್ದಳು ಅಷ್ಟೆ, ಅತ್ತೆ ಓಡಿ ಬಂದು ಬಾಯೊಳಗೆ ಬೆರಳು ಹಾಕಿ ತೆಗೆದಳು. "ಬರೇ ಸಕ್ಕರಿ ಐತಿ ಅತ್ತಿ," ಎಂದು ಅತ್ತರೆ, "ನೀ ಸಕ್ಕರಿ ಅಂತ ಕಡದಿಯೋ, ಗಿಳಿ ಅಂತ ಕಡದಿಯೋ?" ಎಂದು ಕೇಳಿದ್ದಳು. ಗದರಿಕೆಯಲ್ಲ, ಖರೆ ತಿಳಿಯಬೇಕೆಂಬ ಹಾಗೆ. "ಗಿಳಿ ಅಂತ." "ಹಂಗಾದ್ರ ಗಿಳೀನ ಕಡದಂಗ. ಕೈ ಮುಗಿ, ತಪ್ಪಾತು ಅನ್ನು." ಕೈಯಲ್ಲಿ ಉಳಿದ ಗಿಳಿಯ ಮೈಗೆ ಅವಳು ಕೈ ಮುಗಿದಿದ್ದಳು. ಅಮಿತನಿಗೆ, ನೀಲಕಂಠನಿಗೆ ಇದು ಹೇಗೆ ತಿಳಿಯಬೇಕು? ಅವರ ಮನೆಗಳಲ್ಲಿ ಆಟ ಆಡಿ ಎದ್ದರೆ ಆಟ ಮುಗಿಯಿತು. ಅವಳದು ಜೈನರ ಮನೆ; ಅಲ್ಲಿ ಮನಸ್ಸಿನಲ್ಲಿ ಮಾಡಿದ್ದನ್ನು ಕೈಯಲ್ಲಿ ಮಾಡಿದ್ದರ ಲೆಕ್ಕಕ್ಕೇ ಹಿಡಿಯುತ್ತಾರೆ. ನಾನು ಆಗ ಆಟ ಅಂತ ಹೇಳಿದೆನೋ, ಅತ್ತೆ ಅಂತ ಹೇಳಿದೆನೋ. ವಾರವೆಲ್ಲ ಅದೊಂದನ್ನೇ ಕೇಳಿಕೊಂಡಿದ್ದಳು. ಮಸಿಯ ಮೇಲೆ ಬಗ್ಗಿದಾಗ ತಲೆಯ ಚರ್ಮ ಇನ್ನೂ ಬಿಸಿಯಿತ್ತೋ ಇಲ್ಲವೋ.

ಬನಹಟ್ಟಿಯಲ್ಲಿ ಬಸ್ಸು ಬದಲಿಸಬೇಕು. ಜಮಖಂಡಿಯ ಗಾಡಿ ಇನ್ನೂ ಬಂದಿರಲಿಲ್ಲ. "ಅತ್ತಿ, ಇಲ್ಲೇ ಕುಂದರು, ಬನಶಂಕರಿಗಿ ಒಂದ ಮಾತ ಹೇಳಿ ಬರತೇನಿ," ಅಂದಳು. ಬನಶಂಕರಿ ಈ ಹೊತ್ತಿನಲ್ಲಿ ಸಾಲಿಯಲ್ಲಿರುತ್ತಾಳೆ ಎಂಬುದು ಅತ್ತೆಗೂ ಗೊತ್ತು. ಪದ್ಮವ್ವ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು.

ಶೆಡ್ಡು ಅವಳು ಕಂಡ ಶೆಡ್ಡಲ್ಲ. ಐತವಾರದ ಮೂಕ ಯಂತ್ರಗಳೆಲ್ಲ ಎದ್ದು ಹಲ್ಲು ಕಡಿಯುತ್ತಿದ್ದವು. ನೆಲದ ಅದುರು ಕಾಲಿನೊಳಗಿಂದ ಎದೆಗೆ ಹತ್ತುತ್ತಿತ್ತು. ನೀಲಕಂಠ ಬನಿಯನ್ನಿನಲ್ಲಿ, ತಲೆಗೂದಲಿಗೆಲ್ಲ ನೂಲಿನ ಎಳೆ ಹತ್ತಿಸಿಕೊಂಡು, ಹಾಸುನೂಲು ಸುತ್ತಿದ ಒಂದು ಬೀಮಿನ ಹತ್ತಿರ ಬಗ್ಗಿದ್ದ. ಅವನ ಕಿವಿಯ ಬಳಿ ಹೋಗಿ ಹೇಳಿದಳು. ಏನು ಎಂದು ಕೈ ತಿರುವಿದ. ಮತ್ತೆ ಹೇಳಿದಳು, ಚೀರಿ ಹೇಳಿದಳು. ತನ್ನ ದನಿ ತನಗೇ ಕೇಳಲಿಲ್ಲ. ಎರಡು ಮಗ್ಗದ ಆಚೆ ನೇಯುತ್ತಿದ್ದ ಮುದುಕ ಲಗಮಣ್ಣ ತಲೆ ಎತ್ತಿ ಅವಳ ಬಾಯನ್ನೇ ನೋಡುತ್ತಿದ್ದ. ಈ ಸದ್ದಿನಲ್ಲಿ ಕೂದಲು ನರೆತವರಿಗೆ ಕಿವಿ ಬೇಕಾಗಿಲ್ಲ, ತುಟಿ ಸಾಕು. ಅವಳು ಮೂರನೆಯ ಸಲ ಹೇಳುವುದನ್ನು ನೋಡಿ ಮುಗಿಸಿ, ಅವನು ಅಲ್ಲಿಂದಲೇ ನೀಲಕಂಠನಿಗೆ ಕೈಸನ್ನೆಯಲ್ಲಿ ದಾಟಿಸಿದ: ತಲೆಯ ಮೇಲೆ ಸೆರಗು ಎಳೆದುಕೊಂಡಂತೆ, ಹೆಂಗಸು, ಹಿರಿಯಾಕಿ, ಅಂಗೈ ಕೆಳಗೆ ಕೆಳಗೆ ಇಳಿಸಿ, ಆಳ, ಕತ್ತು ವಾಲಿಸಿ ಕಣ್ಣು ಮುಚ್ಚಿ, ಸತ್ತಳು, ಆಮೇಲೆ ಎರಡೂ ಕೈಯಲ್ಲಿ ಹಗ್ಗ ಜಗ್ಗಿದಂತೆ, ಮೇಲೆ ಎತ್ತು. ಉಳಿದ ನೇಕಾರರೂ ಅದನ್ನು ನೋಡಿದರು. ಒಬ್ಬ ಹೆಂಗಸು ಕೋನು ಹಿಡಿದ ಕೈಯನ್ನೇ ಬಾಯಿಗೆ ಇಟ್ಟುಕೊಂಡಳು. ತಾನು ವಾರವೆಲ್ಲ ಒಳಗೆ ಇಟ್ಟುಕೊಂಡು ಕೊರಗಿದ್ದು ಮುದುಕನ ಕೈಯಲ್ಲಿ ನಾಲ್ಕು ಸನ್ನೆಯಾಗಿ ಎಲ್ಲರೆದುರು ನಿಂತದ್ದನ್ನು ಸುಪ್ರೀತಾ ನೋಡಿದಳು.

ನೀಲಕಂಠ ಅವಳನ್ನು ಹೊರಗೆ ಕರೆತಂದ. "ಏನ ಲೇ ಇದು? ಲಗಮಣ್ಣ ನಿಮ್ಮ ಅತ್ತಿ ಬಾವ್ಯಾಗ ಬಿದ್ದಾರ ಅಂತಾನ! ನನ್ನ ಜೀವಾ ಹೋದಂಗಾತು."

"ಹೆಸರ ವಾಪಸ್ ತಗಿ."

"ಯಾವ ಹೆಸರು?" ಆಮೇಲೆ ನೆನಪಾಗಿ ನಕ್ಕ. "ಏ, ಮೇಜಿನ ಮ್ಯಾಲ ಅಂದದ್ದು ಅಂದಂಗ, ಅದು ರೂಲು. ದಾಳ ಬ್ಯಾರೆ ಬಿದ್ದೈತಿ." ಅವಳ ಮುಖ ನೋಡಿ ನಗು ಅರ್ಧಕ್ಕೆ ಬಿಟ್ಟ. "ಅತ್ತಿಗಿ ಆರಾಮಿಲ್ಲೇನ?"

"ರಿಪೋರ್ಟಿಗಿ ಹೊಂಟೇವಿ."

"ಹುಚ್ಚಿ ಅದೀ. ಆತ ಬಿಡ, ತಗದೆ. ನಿಮ್ಮ ಅತ್ತಿ ಹೆಸರ ತಗದೆ, ನಾನ ಹೇಳಾಕತ್ತೇನಲ್ಲ." ಅವನು ಬಯಲಲ್ಲಿ ಅಳಿಸುವಂತೆ ಕೈಯಾಡಿಸಿದ. "ಬ್ಯಾರೆ ಯಾರದರೆ ಹೇಳು."

"ಬ್ಯಾರೆ?"

"ಮತ್ತ? ಬಾವಿ ಖಾಲಿ ಇಡಾಕ ಬರೂದಿಲ್ಲ. ಅಮಿತ ಅಲ್ಲೇ ನೆಲಮಾಳಿಗ್ಯಾಗ ಕೊಳೀತಾನ. ಯಾವುದರೆ ಹೇಳ ಲೇ, ನಿಮ್ಮ ಹೆಡ್‌ಮಾಸ್ತರಂದ ಹೇಳು."

ಅವಳು ಬಾಯಿ ತೆರೆದಳು. ಹೆಡ್‌ಮಾಸ್ತರ ಸಿದ್ದಾರೂಢ ಸರ್ ಕಣ್ಣ ಮುಂದೆ ಬಂದರು, ಊಟದ ಡಬ್ಬಿ ತೊಳೆದು ಬಿಸಿಲಿಗೆ ಬೋರಲು ಹಾಕುತ್ತಿದ್ದರು. ಅವರದು ಬರಲಿಲ್ಲ. ನಿಶೆಯ ಗುರುವಿನ ಹೆಸರು ಹೇಳಿದರೆ ಮುಗಿಯಿತು. ಅವನು ಯಾರೂ ಅಲ್ಲ, ಉಸಿರಿಲ್ಲ, ಮೈಯಿಲ್ಲ. ಆ ಹೆಸರು ನಾಲಗೆಯ ತುದಿಯವರೆಗೆ ಬಂದು ನಿಂತಿತು. ಅಷ್ಟರಲ್ಲಿ, ಚಿಮ್ಮಡದ ಆ ಹೆಂಗಸರು ಇನ್ನೂ ಉತ್ತರ ಹೇಳಿಲ್ಲ, ಎಂದು ಎಲ್ಲಿಂದಲೋ ಹೊಳೆಯಿತು. ಕೂದಲು ತೆಳ್ಳಗಿದೆ ಎಂದು ಇನ್ನೆಷ್ಟು ಮನೆಯವರ ಮುಂದೆ ಅತ್ತೆ ಮೊದಲೇ ಹೇಳುತ್ತಾಳೆ ಎಂದು ಹೊಳೆಯಿತು. ಒಳಗೆ ಲಾಳಿಗಳು ಹೋಗಿ ಬರುತ್ತಿದ್ದವು.

"ಹಂಗಾದ್ರ ಅದ ಇರ್ಲಿ?" ನೀಲಕಂಠ ಕೇಳಿದ, ಸುಮ್ಮನೆ, ಕೆಲಸಕ್ಕೆ ಹೊರಡುವ ಆತುರದಲ್ಲಿ.

ಅವಳು ಸುಮ್ಮನಿದ್ದಳು.

"ಐತ್ವಾರ ನೋಡೂಣ ತೊಗೊ. ಅತ್ತಿಗಿ ಏನೂ ಆಗೂದಿಲ್ಲ, ನೀ ಹೋಗು," ಎಂದು ಅವನು ಸದ್ದಿನೊಳಕ್ಕೆ ಹೋದ. ಬಸ್‌ಸ್ಟ್ಯಾಂಡಿಗೆ ತಿರುಗಿ ನಡೆಯುವಾಗ ಅವಳ ಕಾಲುಗಳು ಹಗುರಾಗಿದ್ದವು, ಅದೇ ಭಯ ಹುಟ್ಟಿಸಿತು. ಐತವಾರದ್ದಕ್ಕೆ ಒಂದು ನೆಪ ಇತ್ತು: ಬಾಯಿ ತಪ್ಪಿತು, ಮಬ್ಬಿತ್ತು, ಖಾಲಿ ಲೋಟ ಕುಡಿದಿದ್ದೆ. ಇವತ್ತಿನದು ಹಾಡಹಗಲು, ಬೀದಿಯಲ್ಲಿ, ಬೇಕಾದ ಹೆಸರು ನಾಲಗೆಯ ಮೇಲೆ ಇಟ್ಟುಕೊಂಡು ಮಾಡಿದ್ದು.

ದವಾಖಾನೆಯಲ್ಲಿ ಬಹಳ ಹೊತ್ತು ಕೂತರು. ಎದುರಿನ ಬೆಂಚಿನಲ್ಲಿ ಮುಧೋಳದ ಕಡೆಯ ಒಬ್ಬ ಹೆಂಗಸು, "ಯಾರಿಗಿ ತೋರಸಾಕ ಬಂದೀರಿ?" ಎಂದು ಕೇಳಿ, ಪದ್ಮವ್ವ ಕತ್ತು ತೋರಿಸಿದ ಮೇಲೆ, "ಮಗಳ ಸಂಗಡ ಅದಾಳಲ್ಲ, ಪುಣ್ಯವಂತರು ಬಿಡ್ರಿ," ಅಂದಳು. ಪದ್ಮವ್ವ ತಿದ್ದಲಿಲ್ಲ. ಸುಪ್ರೀತಾ ಗೋಡೆಯ ಮೇಲೆ ಬರೆದ ಸೂಚನೆಗಳನ್ನು ಓದಿದಳು, ಮತ್ತೆ ಓದಿದಳು. ಅತ್ತೆ ಇಲ್ಲದ ಮನೆ ತಾನಾಗಿ ಕಣ್ಣಿಗೆ ಕಟ್ಟುತ್ತಿತ್ತು: ಕೊಡದ ಬಾಯಿಗೆ ಅರಿವೆ ಇಲ್ಲ, ಹೊತ್ತು ಮುಳುಗಿದ ಮೇಲೂ ಒಲೆ ಉರಿಯುತ್ತಿದೆ, ತಾನು ಎಲ್ಲ ದೀಪ ಹಾಕಿಕೊಂಡು ಒಬ್ಬಳೇ ಉಣ್ಣುತ್ತಿದ್ದಾಳೆ. ಆ ಚಿತ್ರದಲ್ಲಿ ದುಃಖ ಎಲ್ಲಿದೆ ಎಂದು ಹುಡುಕಿದಳು. ಇತ್ತು, ಖಂಡಿತ ಇತ್ತು, ಆದರೆ ಅದು ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತ ನೆಂಟರಂತೆ ನಿಂತಿತ್ತು, ಒಳಗೆ ಬಾ ಅನ್ನುವವರೆಗೆ ಬರುವಂತಿರಲಿಲ್ಲ.

ಡಾಕ್ಟರು ಕಾಗದ ನೋಡಿದರು, ತಲೆ ಎತ್ತಿದರು. "ಏನೂ ಇಲ್ಲರಿ ಅಮ್ಮಾರ. ನಾವು ಹೆದರಿದ್ದು ಅಲ್ಲ ಇದು. ಸಾದಾ ಗಂಟು, ಗುಳಿಗಿ ಕೊಡ್ತೇನಿ, ಕರಗತೈತಿ. ಇನ್ನೂ ಇಪ್ಪತ್ತ ವರ್ಷ ಆರಾಮ ಇರ್ತೀರಿ."

ಇಪ್ಪತ್ತು ವರ್ಷ. ಸುಪ್ರೀತಾಳ ಒಳಗೆ ಏನೋ ಕೆಳಗೆ ಇಳಿಯಿತು. ಹೊರೆ ಇಳಿದಂತಲ್ಲ, ಅವಳು ಆ ಅನಿಸಿಕೆಯನ್ನು ಹೊರೆ ಇಳಿಯಿತು ಎಂದು ಕರೆಯಲು ನೋಡಿದಳು, ಅದು ಒಪ್ಪಲಿಲ್ಲ. ತೆರೆಯುತ್ತಿದ್ದ ಬಾಗಿಲೊಂದು ಮೆಲ್ಲಗೆ ಮುಚ್ಚಿಕೊಂಡಂತೆ. ಅರೆಗಳಿಗೆ, ಅಷ್ಟೇ. ನಗಬೇಕೆಂದು ನೆನಪಾಗಿ ಅವಳು ನಕ್ಕಾಗ ಪದ್ಮವ್ವ ಡಾಕ್ಟರನ್ನು ನೋಡುತ್ತಿರಲಿಲ್ಲ. ತನ್ನನ್ನು ನೋಡುತ್ತಿದ್ದಳು.

ಹೊರಗೆ ಮೆಟ್ಟಿಲ ಮೇಲೆ ಬಿಸಿಲು ಕಣ್ಣಿಗೆ ಹೊಡೆಯಿತು. ಗುಳಿಗೆಯ ಪುಡಿಕೆಯನ್ನು ಚೀಲಕ್ಕೆ ಹಾಕುತ್ತ ಪದ್ಮವ್ವ, "ನಿನಗ ಖುಷಿ ಆಗ್ಲಿಲ್ಲ," ಅಂದಳು.

"ಆತಲ್ಲ ಅತ್ತಿ. ಯಾಕಾಗಬಾರದು?"

"ಸುಳ್ಳ ಹೇಳಬ್ಯಾಡ, ನಾ ನೋಡೇನಿ." ಚೀಲದ ಬಾಯಿ ಕಟ್ಟಿದಳು. "ನನಗೂ ಆಗ್ಲಿಲ್ಲ."

"ಅಂದ್ರ?" ಅಂದಳು ಸುಪ್ರೀತಾ.

"ಗಂಟು ದೀಪಾವಳಿಯಿಂದ ಐತಿ. ನಿನಗ ಹೇಳಿದ್ದ ಮೊನ್ನಿ ಸೋಮಾರ. ಅವಾಗಿಂದ ಒಂದೊಂದ ಬಿಟಗೋತ ಬಂದೆ. ಮದಲ ಬೆಲ್ಲಾ ಬಿಟ್ಟೆ, ಆಮ್ಯಾಲ ಮೊಸರಾ, ಈ ವಾರ ಉಪ್ಪಾ. ಬೆಲ್ಲಾ ಮೊಸರಾ ಬಿಟ್ಟದ್ದ ನೀ ಒಂದಿನಾನೂ ನೋಡ್ಲಿಲ್ಲ, ಛಲೋ ಆತು ಅಂದೆ. ಯಾರಿಗೂ ಹೇಳಿಲ್ಲ. ಸಲ್ಲೇಖನ ತೊಗೊಂಡ ದೇಹಾ ಬಿಡಾಕ ಮನಸು ತಯಾರ ಆಗಿತ್ತು ನಂದು. ಈಗ ಇಂವಾ ಇಪ್ಪತ್ತ ವರ್ಷ ಅಂತಾನ." ಯಾರೋ ತನ್ನ ಸಾಮಾನು ಬೇರೆಡೆ ಇಟ್ಟು ಹೋದಂಥ ಅಸಮಾಧಾನ ಅವಳ ದನಿಯಲ್ಲಿತ್ತು.

ಆಗ ಸುಪ್ರೀತಾ ಹೇಳಿಬಿಟ್ಟಳು. ಆಟ ಎಂದು ಶುರು ಮಾಡಿ, ದೊಡ್ಡಾಕಿ, ಖಾಲಿ ಲೋಟ, ಮಸಿಯ ಬಾವಿ, ಐತವಾರ ಹೇಳಿದ್ದು, ಇವತ್ತು ಬನಹಟ್ಟಿಯಲ್ಲಿ ಹೇಳದೆ ಉಳಿದದ್ದು. ಹೇಳುತ್ತ ಹೇಳುತ್ತ, ಅತ್ತೆ ನಗುತ್ತಾಳೆ, ಇಲ್ಲವೇ ಕೈ ಮುಗಿ ಅನ್ನುತ್ತಾಳೆ, ಆಗ ಮುಗಿಯುತ್ತದೆ ಎಂದು ಕಾದಳು. ಕೈಗಳು ಆಗಲೇ ಎದೆಯ ಹತ್ತಿರ ಬಂದಿದ್ದವು.

ಪದ್ಮವ್ವ ಪೂರ್ತಿ ಕೇಳಿದಳು. ಮುಖ ಮೆಲ್ಲಗೆ ಕೆಂಪಾಯಿತು. ಅವಳ ಸಿಟ್ಟನ್ನು ಸುಪ್ರೀತಾ ಅದುವರೆಗೆ ಕಂಡೇ ಇರಲಿಲ್ಲವೆಂದು ಆಗ ತಿಳಿಯಿತು.

"ಅದು ನಂದು," ಅಂದಳು ಪದ್ಮವ್ವ. "ನನ್ನ ಸಾವು ನಾ ಕೊಡಬೇಕಾದದ್ದು. ಇಷ್ಟ ದಿನಾ ಕೂಡಿಸಿ ಕೂಡಿಸಿ ಇಟ್ಟದ್ದು. ನನ್ನ ಒಂದ ಮಾತ ಕೇಳಲಾರದ ನೀ ಹೆಂಗ ಕೊಟ್ಟಿ?"

"ಅತ್ತಿ, ತಪ್ಪಾತು."

"ನನಗ ಸಾಯಿ ಅಂದದ್ದಕ್ಕ ಅಲ್ಲ. ಅದಕ್ಕ ನಾ ಏನೂ ಅನ್ನೂದಿಲ್ಲ, ಎರಡ ದಿನಾ ಕಳದ್ರ ಮರೀತೇನಿ. ಆದ್ರ ಆ ಹುಡುಗರ ಮುಂದ, ನಗಗೋತ, ದಾಳಾ ಒಗದು..." ಅವಳು ಮೆಟ್ಟಿಲಿಳಿದು ನಡೆದಳು. ರಸ್ತೆ ದಾಟುವಾಗ ಯಾವತ್ತೂ ಹಿಡಿಯುವ ಕೈಯನ್ನು ಸುಪ್ರೀತಾ ಚಾಚಿದಳು. ಪದ್ಮವ್ವ ಒಂದು ಕಬ್ಬಿನ ಗಾಡಿ ಹೋಗುವುದನ್ನು ಕಾದು ತಾನೇ ದಾಟಿದಳು.

ತೇರದಾಳಕ್ಕೆ ನೇರ ಹೋಗುವ ಬಸ್ಸು ಸಿಕ್ಕಿತು; ಅದರಲ್ಲಿ ಒಂದೇ ಸೀಟಿನಲ್ಲಿ ಕೂತರು, ಬೇರೆ ಸೀಟು ಇರಲಿಲ್ಲ. ಗಾಡಿ ಊರು ಬಿಟ್ಟ ಮೇಲೆ ಕಂಡಕ್ಟರ್ ಅವರ ಹತ್ತಿರ ಬಂದ. ಹೆಂಗಸರಿಗೆ ಟಿಕೇಟಿನ ರೊಕ್ಕವಿಲ್ಲ, ಆಧಾರ್ ಕಾರ್ಡು ತೋರಿಸಬೇಕು ಅಷ್ಟೆ. ಇಬ್ಬರ ಕಾರ್ಡುಗಳೂ ಯಾವಾಗಲೂ ಪದ್ಮವ್ವನ ಪರ್ಸಿನಲ್ಲೇ ಇರುತ್ತವೆ. ಅವಳು ಎರಡನ್ನೂ ತೆಗೆದಳು, ಒಂದನ್ನು ಸುಪ್ರೀತಾಳ ತೊಡೆಯ ಮೇಲೆ ಇಟ್ಟಳು.

"ಎಲ್ಲಿಗಿರಿ, ಅಮ್ಮಾರ?"

"ಒಂದ ತೇರದಾಳ," ಅಂದಳು ಪದ್ಮವ್ವ, ತನ್ನ ಕಾರ್ಡು ಮಾತ್ರ ಚಾಚಿ.

ಕಂಡಕ್ಟರ್ ಒಂದು ಚೀಟಿ ಹರಿದು ಕೊಟ್ಟು, ಪಕ್ಕಕ್ಕೆ ನೋಡಿ, "ನಿಮ್ಮದು?" ಅಂದ. ಸುಪ್ರೀತಾಗೆ ತನ್ನ ಊರಿನ ಹೆಸರು ಕೂಡಲೇ ಬಾಯಿಗೆ ಬರಲಿಲ್ಲ.